ಕುಸುಮಬಾಲೆ (ಕಾದಂಬರಿ)

ಕುಸುಮಬಾಲೆ ದೇವನೂರ ಮಹಾದೇವ ಅವರು ರಚಿಸಿದ ಕನ್ನಡ ಕಾದಂಬರಿ. ದಲಿತ ಯುವಕನೊಬ್ಬನ ಕೊಲೆ ಹಾಗೂ ಅದು ಎರಡು ಕುಟುಂಬಗಳಲ್ಲಿ ಉಳಿಸಿದ ನೋವು ಇದರ ವಸ್ತು. ಕೃತಿಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತಿದೆ. ಇದನ್ನು ಮಾಂತ್ರಿಕ ವಾಸ್ತವವಾದದ ಪ್ರಮುಖ ಕನ್ನಡ ಕಾದಂಬರಿಗಳಲ್ಲಿ ಒಂದೆಂದು ಗುರುತಿಸಲಾಗುತ್ತದೆ.

ಕಥಾವಸ್ತು

ವಿದ್ಯಾವಂತ ದಲಿತ ಯುವಕ ಚನ್ನನಿಗೂ ಮೇಲ್ಜಾತಿಯ ಜಮೀನ್ದಾರರ ಮನೆಯ ಕುಸುಮಳಿಗೂ ಪ್ರೇಮ ಬೆಳೆಯುತ್ತದೆ. ಅವಳಿಗೆ ಮಗು ಹುಟ್ಟುತ್ತದೆ, ಚನ್ನ ಕೊಲೆಯಾಗುತ್ತಾನೆ. ಅವನು ಬೊಂಬಾಯಿಗೆ ಹೋಗಿದ್ದಾನೆ ಎಂದೇ ಊರು ನಂಬಿದೆ. ಸತ್ತವನೆಂದು ತಿಳಿಯದ ಕಾರಣ ಹೆತ್ತವರಿಗೆ ಅಳುವ ಅವಕಾಶವೂ ಇಲ್ಲ. ಕಥೆ ನೇರವಾಗಿ ಸಾಗುವುದಿಲ್ಲ. ಕುಸುಮಳ ಮನೆತನದ ಹಿಂದಿನ ತಲೆಮಾರುಗಳು, ಕೇರಿಯ ಬದುಕು, ದಲಿತ ಸಂಘಟನೆಯ ಯುವಕರು ಎಲ್ಲವೂ ನಡುನಡುವೆ ಬರುತ್ತವೆ.

ಜೋತಮ್ಮಗಳು

ಮನುಷ್ಯರು ಬಾಯಿ ಬಿಡದ ಸಂಗತಿಗಳನ್ನು ಇಲ್ಲಿ ದೀಪಗಳು ಮಾತನಾಡುತ್ತವೆ. ರಾತ್ರಿ ಜೋತಮ್ಮಗಳು, ಅಂದರೆ ಮನೆಮನೆಯ ದೀಪದ ಆತ್ಮಗಳು, ಒಂದೆಡೆ ಕೂಡಿ ಸುಖದುಃಖ ಹಂಚಿಕೊಳ್ಳುತ್ತವೆ. ಕುಸುಮಳ ಸಂಕಟಕ್ಕೆ ಸಾಕ್ಷಿಯಾದ ಮಂಚಕ್ಕೂ ಮಾತು ಬರುತ್ತದೆ. ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಅವರ ಕಾದಂಬರಿಗಳೊಂದಿಗೆ ಹೋಲಿಕೆ ಸಹಜವಾದರೂ, ಈ ಕಲ್ಪನೆಯ ಬೇರು ಕನ್ನಡ ಜನಪದದಲ್ಲೇ ಇದೆ. ಆರಿದ ದೀಪಗಳು ಗುಡಿಯಲ್ಲಿ ಸೇರಿ ಹರಟುವ ಕಥೆಯನ್ನು ಎ. ಕೆ. ರಾಮಾನುಜನ್ ಸಂಗ್ರಹಿಸಿದ್ದರು, ಗಿರೀಶ ಕಾರ್ನಾಡರ ನಾಗಮಂಡಲ ನಾಟಕದಲ್ಲೂ ಅದೇ ಪ್ರಸಂಗವಿದೆ. ಆ ಕಥೆಯಲ್ಲಿ ದೀಪಗಳ ಮಾತು ಮನೆಯ ಬಿರುಕನ್ನು ಸರಿಪಡಿಸುತ್ತದೆ. ಕುಸುಮಬಾಲೆಯಲ್ಲಿ ಅಷ್ಟು ಸುಲಭದ ಸಾಂತ್ವನವಿಲ್ಲ. ಕೊಲೆಯನ್ನು ಮಾತು ಹಿಂತೆಗೆಯಲಾರದು. ಎರಡು ಜಾತಿಗಳ ರಕ್ತ ಹೊತ್ತ ಮಗು ಮಾತ್ರ ಉಳಿಯುತ್ತದೆ.

ಭಾಷೆ

ಸಂಭಾಷಣೆಯಷ್ಟೇ ಅಲ್ಲ, ನಿರೂಪಣೆಯೂ ನಂಜನಗೂಡು–ಚಾಮರಾಜನಗರ ಸೀಮೆಯ ಆಡುಮಾತಿನಲ್ಲಿದೆ. ಲೇಖಕರ ಹುಟ್ಟೂರು ದೇವನೂರು ನಂಜನಗೂಡು ತಾಲ್ಲೂಕಿನದು. ಬೇರೆ ಸೀಮೆಯ ಓದುಗರಿಗೆ ಮೊದಲ ಪುಟಗಳು ಕಷ್ಟವೆನಿಸುವುದುಂಟು. ಗಟ್ಟಿಯಾಗಿ ಓದಿದರೆ ಗದ್ಯದೊಳಗಿನ ಲಯ ತಿಳಿಯುತ್ತದೆ. ಈ ಲಯವನ್ನು ಗುರುತಿಸಿದ ವಿದ್ವಾಂಸ ಎಲ್. ಬಸವರಾಜು ಇಡೀ ಕೃತಿಯನ್ನು ಪದ್ಯದಂತೆ ಸಾಲು ಒಡೆದು ಜೋಡಿಸಿದರು.

ರಂಗರೂಪ ಮತ್ತು ಅನುವಾದ

ಮೈಸೂರಿನ ರಂಗಾಯಣವು ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಕಾದಂಬರಿಯನ್ನು ರಂಗಕ್ಕೆ ತಂದಿತು. ಸೂಸನ್ ಡೇನಿಯಲ್ ಮಾಡಿದ ಇಂಗ್ಲಿಷ್ ಅನುವಾದವನ್ನು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 2015ರಲ್ಲಿ ಪ್ರಕಟಿಸಿತು. ದೇಶದಲ್ಲಿ ಬೆಳೆಯುತ್ತಿದ್ದ ಅಸಹಿಷ್ಣುತೆಯನ್ನು ಪ್ರತಿಭಟಿಸಿ ಮಹಾದೇವ ಅವರು ಅದೇ ವರ್ಷ ಅಕಾಡೆಮಿ ಪ್ರಶಸ್ತಿಯನ್ನೂ ಪದ್ಮಶ್ರೀಯನ್ನೂ ಹಿಂದಿರುಗಿಸಿದರು.