ಮಕ್ಕಳೂ ಸಂತೆಯ ಲೆಕ್ಕವೂ

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೆ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಶಾಲಾ ಪ್ರವಾಸಗಳ ಕಾಲ. ಮೂರು ನಾಲ್ಕು ಬಸ್ಸುಗಳಿಂದ ಇಳಿದ ಮಕ್ಕಳು ಗುಡಿಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅಂಗಡಿಗಳ ಮುಂದೆ ನಿಂತಿದ್ದರು. ಅವರಲ್ಲಿ ಹನ್ನೊಂದು ವರ್ಷದವಳಿರಬಹುದಾದ ಒಬ್ಬ ಹುಡುಗಿ ಅಂಗೈಯಗಲದ ಒಂದು ಕಲ್ಲಾನೆಯನ್ನು ಕೈಗೆತ್ತಿಕೊಂಡಳು. ಬೆಲೆ ಕೇಳುವ ಮೊದಲೇ ಅದನ್ನು ತಲೆಕೆಳಗು ಮಾಡಿ, ಹೊಟ್ಟೆಯ ಉದ್ದಕ್ಕೂ ಉಗುರು ಎಳೆದು, "ಇಲ್ಲಿ ಗೆರೆ ಇದೆ, ಇದು ಕೆತ್ತಿದ್ದಲ್ಲ, ಅಚ್ಚಿಗೆ ಹೊಯ್ದದ್ದು" ಎಂದಳು. ಅಂಗಡಿಯವನು ನಕ್ಕು, ಕೆಳಗಿನ ಪೆಟ್ಟಿಗೆಯಿಂದ ಇನ್ನೂ ಚಿಕ್ಕದೊಂದು ಆನೆಯನ್ನು ತೆಗೆದುಕೊಟ್ಟನು. ಅದು ನಿಜವಾದ ಬಳಪದ ಕಲ್ಲು. ಹುಡುಗಿ ಹಣ ಕೊಟ್ಟು, ಹಿಂದೆ ಬಂದ ಚಿಲ್ಲರೆಯನ್ನು ಎರಡು ಸಲ ಎಣಿಸಿ, ಬಸ್ಸಿನ ಕಡೆಗೆ ಓಡಿದಳು.

ಇದನ್ನು ಅವಳಿಗೆ ಕಲಿಸಿದವರು ಯಾರೋ ನನಗೆ ತಿಳಿಯದು. ಆದರೆ ಮಕ್ಕಳಿಗೆ ಕೊಳ್ಳುವುದನ್ನು ಕಲಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲವೆಂಬುದು ಅಲ್ಲಿ ನಿಂತಾಗ ನೆನಪಿಗೆ ಬಂದಿತು. ಅರಸೀಕೆರೆ, ಬೇಲೂರು, ಹಳೇಬೀಡು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಶಿಲಾಬಾಲಿಕೆಯರು. ೨೦೨೩ರಲ್ಲಿ ಬೇಲೂರು, ಹಳೇಬೀಡುಗಳು ಸೋಮನಾಥಪುರದೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಶಿಲ್ಪದ ಮಾತೇ ಮಾತು. ಆದರೆ ಶಿಲ್ಪಕ್ಕೆ ಹಣ ಬೇಕು, ಹಣಕ್ಕೆ ಪೇಟೆ ಬೇಕು. ವಿಷ್ಣುವರ್ಧನನು ೧೧೧೭ರಲ್ಲಿ ಬೇಲೂರಿನ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ ಕಾಲಕ್ಕೆ ಈ ನಾಡಿನ ಊರುಗಳಲ್ಲಿ ಪಟ್ಟಣಸ್ವಾಮಿಗಳಿದ್ದರು, ವಡ್ಡವ್ಯವಹಾರಿಗಳಿದ್ದರು, ಐಹೊಳೆಯ ಐನೂರ್ವರೆಂಬ ವರ್ತಕರ ಮಹಾಸಂಘವಿತ್ತು. ಆ ಕಾಲದ ಶಾಸನಗಳಲ್ಲಿ ದೇವರ ಸ್ತುತಿ ಮುಗಿಯುತ್ತಲೇ ಲೆಕ್ಕ ಆರಂಭವಾಗುತ್ತದೆ: ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಎತ್ತಿನ ಹೇರಿಗೆ ಇಷ್ಟು, ದೀಪದ ಎಣ್ಣೆಗೆ ಇಷ್ಟು ಸೊಲ್ಲಗೆ, ಅಕ್ಕಿಗೆ ಇಷ್ಟು ಬಳ್ಳ. 'ಶ್ರೀ ತಳಕಾಡುಗೊಂಡ' ಎಂದು ಕನ್ನಡ ಅಕ್ಷರಗಳನ್ನು ಹೊತ್ತ ಚಿನ್ನದ ಗದ್ಯಾಣವನ್ನು ಮಕ್ಕಳು ಕಂಡಿರಲಾರರು. ಅವರ ಕೈಗೆ ಬರುತ್ತಿದ್ದುದು ಅದರ ಚೂರುಪಾರು. ಗದ್ಯಾಣಕ್ಕೆ ಹತ್ತು ಪಣ, ಪಣದ ಕಾಲುಭಾಗ ಹಾಗ, ಪಣದ ಹದಿನಾರರಲ್ಲೊಂದು ಪಾಲು ವೀಸ. ಇಷ್ಟು ಭಿನ್ನರಾಶಿ ಬಾರದ ಮಗುವನ್ನು ಅಂಗಡಿಗೆ ಕಳುಹಿಸುವುದು ಹೇಗೆ?

ಈ ಪ್ರಶ್ನೆಗೆ ಉತ್ತರವೆಂಬಂತೆ ಅದೇ ಕಾಲದಲ್ಲಿ ಒಂದು ಕನ್ನಡ ಗ್ರಂಥ ಹುಟ್ಟಿತು. ಹೂವಿನಬಾಗೆಯ ಜೈನಕವಿ ರಾಜಾದಿತ್ಯನ 'ವ್ಯವಹಾರಗಣಿತ'. ಕವಿಚರಿತೆಕಾರರು ಇವನನ್ನು ವಿಷ್ಣುವರ್ಧನನ ಕಾಲಕ್ಕೆ ಸೇರಿಸುತ್ತಾರೆ. ಸಂಸ್ಕೃತದಲ್ಲಿದ್ದ ಲೆಕ್ಕವನ್ನು ಕನ್ನಡದ ಪದ್ಯಕ್ಕೂ ಗದ್ಯಕ್ಕೂ ಇಳಿಸಿ, ತ್ರೈರಾಶಿ, ಪಂಚರಾಶಿಗಳನ್ನು ಸೂತ್ರ ಕೊಟ್ಟು, ಉದಾಹರಣೆ ಕೊಟ್ಟು ವಿವರಿಸಿದವನು ಈತ. ಇಷ್ಟು ಪದಾರ್ಥಕ್ಕೆ ಇಷ್ಟು ಹಣವಾದರೆ ಅಷ್ಟು ಪದಾರ್ಥಕ್ಕೆ ಎಷ್ಟು ಎಂಬುದೇ ತ್ರೈರಾಶಿ. ಕಾವ್ಯಗುಣಕ್ಕಾಗಿ ಇವನನ್ನು ಓದುವವರಿಲ್ಲ. ನಮ್ಮ ಸಾಹಿತ್ಯಚರಿತ್ರೆಗಳು ಇವನಿಗೆ ಒಂದೆರಡು ಸಾಲು ಕೊಟ್ಟು ಮುಂದೆ ಸಾಗುತ್ತವೆ. ನನಗೇನೋ ಇದು ಅನ್ಯಾಯವೆಂದೇ ತೋರುತ್ತದೆ. ಪಂಡಿತರ ಕೈಯಲ್ಲಿದ್ದ ತಕ್ಕಡಿಯನ್ನು ಕನ್ನಡ ಬಲ್ಲವರೆಲ್ಲರ ಕೈಗೆ ಕೊಟ್ಟವನ ಉಪಕಾರ ಸಣ್ಣದಲ್ಲ.

ರಾಜಾದಿತ್ಯನಿಗಿಂತ ಹಿಂದೆ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಒಂದು ಲೆಕ್ಕವಿದೆ. ಪಾರಿವಾಳಗಳು ಮೂರು ಪಣಕ್ಕೆ ಐದು. ಸಾರಸಗಳು ಐದು ಪಣಕ್ಕೆ ಏಳು. ಹಂಸಗಳು ಏಳು ಪಣಕ್ಕೆ ಒಂಬತ್ತು. ನವಿಲುಗಳು ಒಂಬತ್ತು ಪಣಕ್ಕೆ ಮೂರು. ರಾಜಕುಮಾರನ ಆಟಕ್ಕಾಗಿ ನೂರು ಪಣಕ್ಕೆ ಸರಿಯಾಗಿ ನೂರು ಹಕ್ಕಿಗಳನ್ನು ತರಬೇಕು. ಹದಿನೈದು ಪಾರಿವಾಳ, ಇಪ್ಪತ್ತೆಂಟು ಸಾರಸ, ನಲವತ್ತೈದು ಹಂಸ, ಹನ್ನೆರಡು ನವಿಲು ಎಂದು ಕೊಂಡರೆ ಹಕ್ಕಿಗಳೂ ನೂರು, ಪಣವೂ ನೂರು. ಕೂಡಿ ನೋಡಿ. ಇದೊಂದೇ ಉತ್ತರವಲ್ಲ. ಲೆಕ್ಕಕ್ಕಿಂತ ಅದರ ಸಂದರ್ಭ ನನಗೆ ಹೆಚ್ಚು ಇಷ್ಟ. ಆಟ ರಾಜಕುಮಾರನದು, ಪೇಟೆಗೆ ಹೋಗುವವನು ಆಳು. ಲೆಕ್ಕ ತಪ್ಪಿದರೆ ಬೈಸಿಕೊಳ್ಳಬೇಕಾದವನೂ ಅವನೇ. ಲೆಕ್ಕ ಕಲಿಯುವ ಅಗತ್ಯ ಯಾವಾಗಲೂ ಕಳುಹಿಸಲ್ಪಟ್ಟವನದು.

ಆಮೇಲಿನ ಶತಮಾನಗಳಲ್ಲಿ ಈ ವಿದ್ಯೆ ಐಗಳ ಮಠಗಳಿಗೆ ಇಳಿಯಿತು. ಮರಳ ಮೇಲೆ ಬೆರಳಾಡಿಸಿ ಅಕ್ಷರ ಕಲಿತ ಹುಡುಗರು ಸಂಜೆಯ ಹೊತ್ತು ಸಾಲಾಗಿ ನಿಂತು ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಗಳನ್ನು ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು. ಇಂದಿನ ಶಿಕ್ಷಣತಜ್ಞರು ಇದನ್ನು ಗಿಳಿಪಾಠವೆನ್ನುತ್ತಾರೆ. ಗಿಳಿಪಾಠವೇ ಸರಿ, ಆದರೆ ಆ ಗಿಳಿಯನ್ನು ಪೇಟೆಯಲ್ಲಿ ಮೋಸಗೊಳಿಸುವುದು ಕಷ್ಟವಾಗಿತ್ತು.

ಕಷ್ಟವಾಗಿತ್ತೆಂದೆ, ಅಸಾಧ್ಯವಾಗಿತ್ತೆಂದು ಹೇಳಲಿಲ್ಲ. ಏಕೆಂದರೆ ಲೆಕ್ಕ ಒಂದೇ ಆದರೂ ಅಳತೆ ಒಂದೇ ಆಗಿರಲಿಲ್ಲ. ಟಿಪ್ಪುವಿನ ಪತನದ ತರುವಾಯ ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹಳೇಬೀಡು, ಬೇಲೂರುಗಳ ಮೇಲೂ ಹಾದುಹೋದನು. ಅವನ ಪ್ರವಾಸಗ್ರಂಥದಲ್ಲಿ ಊರೂರಿನ ತೂಕ, ಅಳತೆಗಳ ವಿವರ ಬರುತ್ತದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬುದು ಎಲ್ಲೆಡೆಯೂ ಒಂದೇ, ಆದರೆ ಕೊಳಗ ಮಾತ್ರ ಊರಿಗೊಂದು. ಸೇರಿನಲ್ಲಿಯೂ ಕಚ್ಚಾ, ಪಕ್ಕಾ ಎಂಬ ಭೇದ. ಇಪ್ಪತ್ನಾಲ್ಕು ತೊಲದ ಕಚ್ಚಾಸೇರು ಇಂದಿನ ಲೆಕ್ಕದಲ್ಲಿ ಸುಮಾರು ೨೮೦ ಗ್ರಾಂ. ಎಂಬತ್ತು ತೊಲದ ಸೇರು ೯೩೩ ಗ್ರಾಂ. 'ಒಂದು ಸೇರು' ಎಂದಷ್ಟೇ ಹೇಳಿ ಕಳುಹಿಸಿದ ಮಗು ಯಾವುದನ್ನು ತಂದೀತು?

ಹೀಗಾಗಿ ಮಗ್ಗಿಯ ಜೊತೆಗೆ ಇನ್ನೊಂದು ಪಾಠ ಬೇಕಾಗಿತ್ತು. ಅದನ್ನು ಕಲಿಸುತ್ತಿದ್ದವರು ಅಜ್ಜಿಯರು. ಅರಸೀಕೆರೆಗೆ ಸಮೀಪದ ಹಳ್ಳಿಯಲ್ಲಿ ಬೆಳೆದ ನನಗೆ ನನ್ನ ಅಜ್ಜಿ ಕಲಿಸಿದ್ದು ಈಗಲೂ ಬಾಯಿಗೆ ಬರುತ್ತದೆ. ರಾಗಿ ಅಳೆಯುವಾಗ ಅಳೆಯುವವನ ಹೆಬ್ಬೆರಳು ಸೇರಿನ ಒಳಗಿದೆಯೋ ಹೊರಗಿದೆಯೋ ನೋಡು. ಸೇರಿನ ತಳ ಒಳಕ್ಕೆ ತಗ್ಗಿದೆಯೋ ನೋಡು. ಬಾಯಿ ಅಗಲವಾದ ಸೇರಿನ ಮೇಲೆ ಕಾಳಿನ ಗೋಪುರ ದೊಡ್ಡದಾಗಿ ನಿಲ್ಲುತ್ತದೆ, ಕಿರಿಬಾಯಿಯದರ ಮೇಲೆ ನಿಲ್ಲದು. ಕೊಳ್ಳುವಾಗ ಕಿರಿಬಾಯಿಯದು ಬೇಡ, ಅಗಲಬಾಯಿಯದನ್ನು ಕೇಳು. ತಕ್ಕಡಿಯಾದರೆ ತಟ್ಟೆಯ ಕೆಳಗೆ ಹುಣಿಸೆಹಣ್ಣು ಅಂಟಿದೆಯೋ ಎಂದು ಬಗ್ಗಿ ನೋಡು. ಅನುಮಾನ ಬಂದರೆ ತಟ್ಟೆಗಳನ್ನು ಅದಲುಬದಲು ಮಾಡಿಸು. ದಂಡದ ಒಂದು ತೋಳು ಉದ್ದವಾಗಿದ್ದರೆ ಆಗ ಗುಟ್ಟು ರಟ್ಟಾಗುತ್ತದೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಕುಲುಕು. ತೆಂಗು, ಕೊಬ್ಬರಿಯ ಸೀಮೆಯಲ್ಲಿ ಹುಟ್ಟಿ ಕಾಯಿಯ ನೀರಿನ ಸದ್ದು ತಿಳಿಯದವನು ಏತಕ್ಕೆ ಬಂದಾನು? ಕಿಲೋ ಬಂದಾಗ ಅವರ ದೊಡ್ಡ ಆಕ್ಷೇಪಣೆ ಏನೆಂದರೆ, ಅಳೆದು ಕೊಂಡ ರಾಗಿಗೆ ನೀರು ಚಿಮುಕಿಸಿ ಪ್ರಯೋಜನವಿಲ್ಲ, ತೂಗಿ ಕೊಂಡ ರಾಗಿಗೆ ಉಂಟು. ಅದು ಭೌತಶಾಸ್ತ್ರಕ್ಕೂ ಒಪ್ಪುವ ಮಾತೆಂದು ನನಗೆ ತಿಳಿದುದು ಬಹಳ ವರ್ಷಗಳ ನಂತರ.

ಇಷ್ಟು ಬಲ್ಲ ಅಜ್ಜಿಗೂ ನನಗೂ ಒಮ್ಮೆ ಮನಸ್ತಾಪವಾಯಿತು. ೧೯೫೭ರ ಏಪ್ರಿಲ್ ಒಂದರಂದು ನಯಾಪೈಸೆ ಬಂದಿತು. ಅದುವರೆಗೆ ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ, ಅಂದರೆ ರೂಪಾಯಿಗೆ ಅರವತ್ತನಾಲ್ಕು ಪೈಸೆ. ಈಗ ರೂಪಾಯಿಗೆ ನೂರು. ಹಳೆಯ ನಾಣ್ಯಗಳೂ ಕೆಲವು ವರ್ಷ ಜೊತೆಯಲ್ಲಿಯೇ ಓಡಾಡಿದವು. ಒಂದಾಣೆಯೆಂದರೆ ಆರೂಕಾಲು ನಯಾಪೈಸೆ. ಕಾಲು ನಯಾಪೈಸೆಯ ನಾಣ್ಯ ಇಲ್ಲವಾದ್ದರಿಂದ, ಅರ್ಧಕ್ಕೆ ಮೀರಿದರೆ ಒಂದೆಂದು ಹಿಡಿ, ಮೀರದಿದ್ದರೆ ಬಿಡು ಎಂಬ ನಿಯಮ. ಆ ಪ್ರಕಾರ ಆಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಹಳೆಯ ಒಂದು ಪೈಸೆ ಒಂದೂವರೆಗಿಂತ ತುಸು ಹೆಚ್ಚು. ಆದ್ದರಿಂದ ಅದಕ್ಕೆ ಎರಡು.

ನನಗಾಗ ಒಂಬತ್ತು ವರ್ಷ. ಅಜ್ಜಿಗೆ ದಿನಕ್ಕೆ ಒಂದು ಪೈಸೆಯ ನಶ್ಯ ಬೇಕು. ಒಂದು ಆಣೆಯ ಬಿಲ್ಲೆಯನ್ನು ನನ್ನ ಕೈಯಲ್ಲಿಟ್ಟು, ನಾಲ್ಕು ದಿನ ತರುವುದೆಂದು ಹೇಳಿದರು. ಮೊದಲ ದಿನ ಅಂಗಡಿಯವನು ಎರಡು ನಯಾಪೈಸೆ ಹಿಡಿದುಕೊಂಡು ನಾಲ್ಕನ್ನು ಹಿಂದಕ್ಕೆ ಕೊಟ್ಟನು. ಎರಡನೆಯ ದಿನ ಎರಡು, ಮೂರನೆಯ ದಿನ ಎರಡು. ನಾಲ್ಕನೆಯ ದಿನ ನನ್ನ ಕೈ ಖಾಲಿ. "ನಾಲ್ಕನೆಯ ಪೈಸೆ ಎಲ್ಲಿ?" ಎಂದರು ಅಜ್ಜಿ. ಇಲ್ಲವೆಂದೆ. ಪೆಪ್ಪರಮಿಂಟು ತಿಂದೆಯಾ ಎಂದರು. ಇಲ್ಲವೆಂದೆ. ನಂಬಲಿಲ್ಲ. ಅವರು ಹೊಡೆಯುವವರಲ್ಲ, ಆದರೆ ಮರುದಿನ ನಶ್ಯಕ್ಕೆ ಪಕ್ಕದ ಮನೆಯ ಹುಡುಗನನ್ನು ಕಳುಹಿಸಿದರು. ಅದು ಹೊಡೆತಕ್ಕಿಂತ ಹೆಚ್ಚು ನೋಯಿಸಿತು. ಅಂಗಡಿಯವನೂ ಮೋಸ ಮಾಡಿರಲಿಲ್ಲ. ಗೋಡೆಯ ಮೇಲೆ ಅಂಟಿಸಿದ ಸರ್ಕಾರದ ಪಟ್ಟಿಯಂತೆಯೇ ನಡೆದುಕೊಂಡಿದ್ದನು.

ಕೊನೆಗೆ ನಮ್ಮೂರ ಶಾಲೆಯ ಮೇಷ್ಟರು ಜಗುಲಿಯ ಮೇಲೆ ಕುಳಿತು, ನಾಲ್ಕು ಪೈಸೆಯ ಸರಕನ್ನು ಒಮ್ಮೆಗೇ ಕೊಂಡರೆ ಆರು, ಬಿಡಿಬಿಡಿಯಾಗಿ ಕೊಂಡರೆ ಎಂಟು ಎಂದು ಇದ್ದಿಲಿನಿಂದ ಬರೆದು ತೋರಿಸಿದರು. ಅಜ್ಜಿ ಬಹಳ ಹೊತ್ತು ಆ ಅಂಕಿಗಳನ್ನು ನೋಡಿದರು. ಆಮೇಲೆ, "ಹಾಗಾದರೆ ಒಂದೊಂದೇ ಪೈಸೆಗೆ ಕೊಳ್ಳುವವರ ಗತಿ?" ಎಂದರು. ಮೇಷ್ಟರು ಮಾತನಾಡಲಿಲ್ಲ. ಅರವತ್ತನಾಲ್ಕು ಸಲ ಒಂದೊಂದು ಪೈಸೆಯ ವ್ಯಾಪಾರ ಮಾಡಿದವನು ಒಂದು ರೂಪಾಯಿಯ ಸರಕಿಗೆ ನೂರ ಇಪ್ಪತ್ತೆಂಟು ನಯಾಪೈಸೆ ತೆತ್ತಂತಾಗುತ್ತಿತ್ತು. ಆಣೆಯ ಲೆಕ್ಕದಲ್ಲಿ ಹದಿನಾರು ಸಲ ಕೊಂಡವನಿಗೆ ತೊಂಬತ್ತಾರೇ ಸಾಕು. ಬಡವರೂ ಮಕ್ಕಳೂ ಕಳೆದುಕೊಂಡರು, ಉಳ್ಳವರು ತುಸು ಗಳಿಸಿದರು. ದಶಮಾಂಶ ಪದ್ಧತಿ ಒಳ್ಳೆಯದೇ; ಅದಿಲ್ಲದಿದ್ದರೆ ಇಂದಿಗೂ ಮುಕ್ಕಾಲಿನ ಮಗ್ಗಿ ಒಪ್ಪಿಸುತ್ತಿರಬೇಕಾಗಿತ್ತು. ಆದರೆ ಅದರ ಚರಿತ್ರೆ ಬರೆದವರು ನಾಣ್ಯದ ಲೋಹ, ತೂಕಗಳನ್ನು ಹೇಳುವಷ್ಟು ಈ ಎರಡು ಪೈಸೆಯನ್ನು ಹೇಳುವುದಿಲ್ಲ.

'ನಯಾ' ಎಂಬ ವಿಶೇಷಣ ೧೯೬೪ರಲ್ಲಿ ಬಿದ್ದುಹೋಯಿತು. ೧೯೫೮ರಲ್ಲಿ ಬರತೊಡಗಿದ ಮೆಟ್ರಿಕ್ ತೂಕ ೧೯೬೨ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಕಾನೂನುಗಳು ಒಂದಾದ ಮೇಲೊಂದು ಬಂದವು. ೧೯೮೬ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಈಗ ೨೦೧೯ರ ಕಾಯಿದೆ ಇದೆ. ಕೊಂಡವನು ಅಪ್ರಾಪ್ತ ವಯಸ್ಕನಾದರೆ ಅವನ ಪರವಾಗಿ ತಂದೆ ತಾಯಿ ಅಥವಾ ಪೋಷಕರು ದೂರು ಕೊಡಬಹುದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮಗುವೂ ಗ್ರಾಹಕನೆಂಬ ಒಪ್ಪಿಗೆ ಕಾಗದದ ಮೇಲೆ ದೊರೆತಂತಾಯಿತು.

ಇಂದಿನ ಅಪಾಯಗಳು ಹುಣಿಸೆಹಣ್ಣಿನಂತೆ ಕೈಗೆ ಅಂಟುವಂಥವಲ್ಲ. ೨೦೨೪ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಸರ್ಕಾರ ಬಣ್ಣ ಬೆರೆಸಿದ ಬೊಂಬಾಯಿ ಮಿಠಾಯಿಯನ್ನೂ ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣವನ್ನೂ ನಿಷೇಧಿಸಿತು. ಪರೀಕ್ಷಿಸಿದ ಮಿಠಾಯಿಯಲ್ಲಿ ರೋಡಮೈನ್-ಬಿ ಎಂಬ, ಬಟ್ಟೆಗೆ ಹಾಕುವ ಬಣ್ಣ ಸಿಕ್ಕಿತ್ತು. ಜಾತ್ರೆಯಲ್ಲಿ ಅಂಥ ಗುಲಾಬಿ ಮೋಡವನ್ನು ಕಂಡ ಮಗುವಿಗೆ ಯಾವ ಮಗ್ಗಿ ನೆರವಾದೀತು? ಹಣವೂ ಈಗ ಕಣ್ಣಿಗೆ ಕಾಣದು. ದೂರವಾಣಿಯ ಗಾಜನ್ನು ಮುಟ್ಟಿದರೆ ಹೋಯಿತು. ಹಿಂದಕ್ಕೆ ಬರುವ ಚಿಲ್ಲರೆ ಇಲ್ಲ, ಎಣಿಸುವ ಅಭ್ಯಾಸವೂ ಇಲ್ಲ.

ಆದರೂ ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೆಟ್ರಿಕ್ ಮೇಳ, ಮಕ್ಕಳ ಸಂತೆ ಎಂದು ನಡೆಸುತ್ತಾರೆ. ಮಕ್ಕಳೇ ಮನೆಯಿಂದ ಸೊಪ್ಪು, ತರಕಾರಿ, ನಿಂಬೆಹಣ್ಣು ತಂದು ಶಾಲೆಯ ಅಂಗಳದಲ್ಲಿ ಹರಡಿ ಮಾರುತ್ತಾರೆ. ಊರವರು ಬಂದು ಕೊಳ್ಳುತ್ತಾರೆ. ಅಂಥ ಒಂದು ಸಂತೆಗೆ ಎರಡು ವರ್ಷದ ಹಿಂದೆ ಹೋಗಿದ್ದೆ. ಒಬ್ಬ ಪುಟ್ಟ ಹುಡುಗ ಕೊತ್ತಂಬರಿ ಸೊಪ್ಪನ್ನು ಗುಡ್ಡೆ ಹಾಕಿಕೊಂಡು ಕುಳಿತಿದ್ದನು. ಕಟ್ಟಿಗೆ ಐದು ರೂಪಾಯಿ, ಐದು ಕಟ್ಟು ಕೊಂಡರೆ ಇಪ್ಪತ್ತು ಎಂದನು. "ಒಂದೇ ಕಟ್ಟು ಕೊಳ್ಳುವವರಿಗೆ ಏಕೆ ಹೆಚ್ಚು?" ಎಂದು ಕೇಳಿದೆ. ಅವನು ನನ್ನನ್ನು ನೋಡಿ, ಪಕ್ಕದವಳನ್ನು ನೋಡಿ, ಸ್ವಲ್ಪ ಯೋಚಿಸಿ, "ಹಾಗಾದರೆ ನೀವು ನಾಲ್ಕು ಕೊಡಿ" ಎಂದನು. ನಾನು ಐದನ್ನೇ ಕೊಟ್ಟೆ. ಅವನು ಒಂದು ರೂಪಾಯಿಯ ನಾಣ್ಯವನ್ನು ಹುಡುಕಿ ತೆಗೆದು, ನನ್ನ ಕೈಯಲ್ಲಿಟ್ಟು, ಎಣಿಸಿಕೊಳ್ಳಿ ಎಂದನು.