ತಪ್ಪು ಮತ್ತು ತಿದ್ದುವಿಕೆ: ಪುಲಿಗೆರೆ-ಗದುಗಿನ ಸೀಮೆಯ ವಿದ್ಯಾಭ್ಯಾಸ

ಶಿಷ್ಯನು ತಪ್ಪಿದಾಗ ಗುರುವು ನಡೆದುಕೊಳ್ಳುವ ರೀತಿಯು ಕೇವಲ ಆತನ ಸ್ವಭಾವವನ್ನು ಅವಲಂಬಿಸಿದುದಲ್ಲ. ತಪ್ಪೆಂದರೇನೆಂಬ ವಿಷಯದಲ್ಲಿ ನಾಡಿನ ಸಂಸ್ಕೃತಿಯು ತಳೆದ ಭಾವನೆಯನ್ನೂ ಅದು ಅನುಸರಿಸುವುದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಗೆ ಸಂಬಂಧಿಸಿದಂತೆ ಈ ಭಾವನೆಯನ್ನು ತಿಳಿಯಲು ಮೂರು ಸಾಧನಗಳುಂಟು.

ಮೊದಲನೆಯದು ಕ್ರಿ.ಶ. 9ನೆಯ ಶತಮಾನದ ಕವಿರಾಜಮಾರ್ಗ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಆ ಗ್ರಂಥವು ಹೇಳುವುದು. ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅದರ ಪ್ರಥಮ ಪರಿಚ್ಛೇದವು ದೋಷಾದೋಷಗಳ ವಿಚಾರಕ್ಕೆ ಮೀಸಲಾಗಿದೆ. ಅಲ್ಲಿ ದೋಷಯುಕ್ತವಾದ ಪದ್ಯವನ್ನು ತೋರಿಸಿ, ಅದನ್ನೇ ತಿದ್ದಿ ಹೇಳುವ ಕ್ರಮವಿದೆ. ತಪ್ಪೇ ಪಾಠದ ಸಾಮಗ್ರಿಯಾಗಿದೆ. ಕಣ್ಣು ತನ್ನ ಕಾಡಿಗೆಯನ್ನು ಕಾಣದಂತೆ ಮನುಷ್ಯನು ತನ್ನ ದೋಷವನ್ನು ಕಾಣನೆಂದು ಆ ಗ್ರಂಥದ ಅಭಿಪ್ರಾಯ. ತಪ್ಪುವುದು ಸಹಜ, ತೋರಿಸಿಕೊಡಲು ಪರರ ಕಣ್ಣು ಬೇಕು ಎಂಬುದು ಇದರ ತಾತ್ಪರ್ಯ.

ಎರಡನೆಯದು 15ನೆಯ ಶತಮಾನದ ಗದುಗಿನ ಕುಮಾರವ್ಯಾಸನ ಆತ್ಮಪ್ರಶಂಸೆ. ಹಲಗೆ ಬಳಪಗಳನ್ನು ಹಿಡಿಯದಿರುವುದೂ, ಇಟ್ಟ ಪದವನ್ನು ಅಳಿಸದಿರುವುದೂ ತನ್ನ ಹಿರಿಮೆಯೆಂದು ಆತನು ಹೇಳಿಕೊಂಡಿರುವನು. ಹಲಗೆಯ ಮೇಲೆ ಬರೆದು ಅಳಿಸಿ ತಿದ್ದುವುದು ಉಳಿದವರಿಗೆ ನಿತ್ಯದ ರೂಢಿಯಾಗಿದ್ದುದರಿಂದಲೇ ಈ ಮಾತಿಗೆ ಅರ್ಥವುಂಟು. ಇದು ಮಹಾಕವಿಯ ಅಗ್ಗಳಿಕೆಯೇ ಹೊರತು ಬಾಲಕರಿಗೆ ವಿಧಿಸಿದ ನಿಯಮವಲ್ಲ.

ಮೂರನೆಯದು ತುಂಗಭದ್ರೆಯ ಆಚೆಯ ದಡದ ಬಳ್ಳಾರಿ ಜಿಲ್ಲೆಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಬೆಲ್ಲರ 1823ರ ವರದಿ. ಅಂದು ಆ ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 6,641 ಮಂದಿ ಓದುತ್ತಿದ್ದರು. 235 ಶಾಲೆಗಳು ಕನ್ನಡದವು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನೂ ಎರಡನೆಯವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆಯುತ್ತಿದ್ದರು. ಆಮೇಲೆ ಬಂದವರಿಗೆ ಕ್ರಮವಾಗಿ ಹೆಚ್ಚುವ ಏಟುಗಳು. ಸೋಮಾರಿಯನ್ನು ಹೊಡೆಯುವುದೂ, ಕೈಗಳನ್ನು ಕಟ್ಟಿ ಮಾಡಿಗೆ ತೂಗಹಾಕುವುದೂ ಉಂಟಾಗಿತ್ತು. ಆದರೆ ಅಕ್ಷರಾಭ್ಯಾಸದ ಸಾಧನಗಳು ಬೇರೆಯೇ ಸ್ವಭಾವದವು. ಬೆರಳಿನಿಂದ ಮರಳಿನ ಮೇಲೆ ಬರೆದ ಅಕ್ಷರವು ಕೈಯಾಡಿಸಿದೊಡನೆ ಮಾಯವಾಗುವುದು. ಗಂಜಿ ಹಾಕಿ ಗಡುಸು ಮಾಡಿ ಇದ್ದಲಿನ ಕಪ್ಪು ಬಳಿದ ಬಟ್ಟೆಯ ಕಡತದಲ್ಲಿ ಬರೆದುದು ಒದ್ದೆಯ ಅರಿವೆಯಿಂದ ಅಳಿಯುವುದು. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಕಲಿಸುತ್ತಿದ್ದ ಕ್ರಮವನ್ನು ಕ್ಯಾಂಬೆಲ್ಲರು ಬಹಳವಾಗಿ ಮೆಚ್ಚಿದ್ದಾರೆ. ನದಿಯ ಈಚೆಯ ಮುಂಡರಗಿ, ಶಿರಹಟ್ಟಿಗಳ ಮಠಗಳಲ್ಲಿಯೂ ಪಾಠಕ್ರಮವು ಇದಕ್ಕೆ ತೀರ ಭಿನ್ನವಾಗಿದ್ದಿರಲಾರದೆಂದು ಊಹಿಸಬಹುದು.

ಇವುಗಳಿಂದ ಒಂದು ವಿವೇಚನೆಯು ಸ್ಪಷ್ಟವಾಗುವುದು. ವರದಿಯಲ್ಲಿ ಹೇಳಿರುವ ಕಠಿನ ಶಿಕ್ಷೆಗಳು ಆಲಸ್ಯಕ್ಕೂ ವಿಳಂಬಕ್ಕೂ ಸಂಬಂಧಿಸಿದವು. ಅಕ್ಷರದ ತಪ್ಪಿಗಾದರೋ ಅಳಿಸಿ ಮತ್ತೆ ಬರೆಯುವ ಅವಕಾಶವಿತ್ತು. ಇವೆರಡನ್ನೂ ಒಂದೇ ಬೆತ್ತದಿಂದ ಅಳೆದಲ್ಲಿ ಬಾಲಕನು ತಪ್ಪನ್ನು ಮರೆಮಾಚಲು ಕಲಿಯುವನೇ ಹೊರತು ತಿದ್ದಿಕೊಳ್ಳಲು ಕಲಿಯನು. ಪ್ರಾಚೀನ ಪದ್ಧತಿಯ ಕೊರತೆಯನ್ನೂ ಕ್ಯಾಂಬೆಲ್ಲರು ಮುಚ್ಚಿಟ್ಟಿಲ್ಲ: ಹುಡುಗರು ಅರ್ಥವರಿಯದೆ ಗಿಳಿಗಳಂತೆ ಪದ್ಯಗಳನ್ನು ಒಪ್ಪಿಸುತ್ತಿದ್ದರು. ತಿದ್ದುವಿಕೆಯು ಅಕ್ಷರದವರೆಗೆ ಬಂದು ಅರ್ಥದ ಬಾಗಿಲಲ್ಲಿ ನಿಂತಿತು. ಅರ್ಥದ ತಪ್ಪನ್ನೂ ಅಕ್ಷರದ ತಪ್ಪಿನಂತೆಯೇ ನಿರ್ಭಯವಾಗಿ ಬರೆದು ಅಳಿಸುವ ಹಲಗೆಯನ್ನು ಒದಗಿಸುವುದು ಆ ಶಾಲೆಗಳು ಮುಂದಿನವರಿಗೆ ಉಳಿಸಿಹೋದ ಕಾರ್ಯವಾಗಿದೆ.