ಮೂವತ್ತು ಸೆಕೆಂಡಿನ ಹಬ್ಬ, ಮುಗಿಯದ ರಾತ್ರಿ

ಕಳೆದ ವರ್ಷ ದೀಪಾವಳಿಗೆ ಮೂರು ವಾರ ಇರುವಾಗ ನನಗೆ ನಿದ್ದೆ ಬರುವುದು ನಿಂತುಹೋಯಿತು. ಪಿಎಚ್.ಡಿ. ಪ್ರಬಂಧದ ನಾಲ್ಕನೇ ಅಧ್ಯಾಯ ಮುಗಿದಿರಲಿಲ್ಲ. ಎರಡು ವರ್ಷದಿಂದ ಹಬ್ಬಕ್ಕೆ ಊರಿಗೂ ಹೋಗಿರಲಿಲ್ಲ. ಹೋದರೆ 'ಇನ್ನೂ ಮುಗಿಲಿಲ್ವಾ?' ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ಹನ್ನೊಂದಕ್ಕೆ ದೀಪ ಆರಿಸಿ ಮಲಗಿದರೆ ಒಂದಕ್ಕೋ ಎರಡಕ್ಕೋ ಎಚ್ಚರ. ಆಮೇಲೆ ಹಾಲಿನ ಗಾಡಿ ಬರುವವರೆಗೆ ಹೊರಳಾಟ. ಪುಸ್ತಕ ಹಿಡಿದರೆ ಪ್ರಬಂಧ ನೆನಪಾಗುತ್ತಿತ್ತು. ಸಿನಿಮಾ ಹಾಕಿದರೆ ಅದು ಮುಗಿಯುವಷ್ಟರಲ್ಲಿ ಬೆಳಗಾಗುತ್ತಿತ್ತು. ಕೊನೆಗೆ ಫೋನಿನಲ್ಲಿ ಹಳೆಯ ಹಬ್ಬದ ಜಾಹೀರಾತುಗಳನ್ನು ಒಂದಾದ ಮೇಲೊಂದರಂತೆ ನೋಡುವುದು ಅಭ್ಯಾಸವಾಯಿತು.

ಹೇಳಿಕೊಳ್ಳಲು ಸ್ವಲ್ಪ ನಾಚಿಕೆ, ಆದರೆ ಅವು ನನಗೆ ಇಷ್ಟವಾಗುತ್ತಿದ್ದವು. ಮೂವತ್ತು ಸೆಕೆಂಡಿನಲ್ಲಿ ಒಂದು ಮನೆ, ಒಂದು ಕೊರಗು, ಒಂದು ಡಬ್ಬಿ, ಕೊನೆಗೆ ಎಲ್ಲರ ನಗು. ಏನಾಗುತ್ತದೆಂದು ಗೊತ್ತಿದ್ದೂ ಕಣ್ಣು ಒದ್ದೆಯಾಗುತ್ತಿತ್ತು. ಗೊತ್ತಿರುವುದೇ ಅವುಗಳ ಸುಖ ಎಂದು ಈಗ ಅನ್ನಿಸುತ್ತದೆ. ನಡುರಾತ್ರಿಯಲ್ಲಿ ಎಚ್ಚರವಿರುವವರಿಗೆ ಹೊಸ ಸುದ್ದಿ ಬೇಕಿರುವುದಿಲ್ಲ.

ಇತಿಹಾಸದ ವಿದ್ಯಾರ್ಥಿಗೆ ಒಂದು ಕೆಟ್ಟ ಚಟವಿದೆ: ಒಂದೇ ಬಗೆಯ ಹತ್ತು ದಾಖಲೆ ಕಂಡರೆ ಪಟ್ಟಿ ಮಾಡುವುದು. ನಾನೂ ಮಾಡಿದೆ. ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದದ್ದು ಬಾಗಿಲು. ಗಂಟೆ ಬಾರಿಸುತ್ತದೆ, ಅಮ್ಮ ಬಾಗಿಲು ತೆರೆಯುತ್ತಾಳೆ, ಬರುವುದಿಲ್ಲ ಎಂದಿದ್ದ ಮಗನೋ ಮಗಳೋ ಹೊಸ್ತಿಲಲ್ಲಿ ನಿಂತಿರುತ್ತಾರೆ, ಅಪ್ಪುಗೆ. ಹಿಂದೆ ಸಾಲು ಹಣತೆ. ಇದು ಯಾವಾಗ ಶುರುವಾಯಿತು? ನಮ್ಮ ಟಿವಿ ಹಬ್ಬವನ್ನು ಹೀಗೆ ಹೇಳಲು ಯಾಕೆ ಕಲಿಯಿತು?

ಆರಂಭದಲ್ಲಿ ನಮ್ಮ ಟಿವಿಯಲ್ಲಿ ಜಾಹೀರಾತೇ ಇರಲಿಲ್ಲ. ದೆಹಲಿಯಲ್ಲಿ ಪ್ರಾಯೋಗಿಕ ಪ್ರಸಾರ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು. ಜಾಹೀರಾತಿಗೆ ಬಾಗಿಲು ತೆರೆದದ್ದು 1976ರ ಜನವರಿ 1ರಂದು. ರೇಡಿಯೋದ ವಿವಿಧ ಭಾರತಿ ಅದಕ್ಕೂ ಮೊದಲೇ, 1967ರಲ್ಲಿ, ಆ ದಾರಿ ಹಿಡಿದಿತ್ತು. ಬೆಂಗಳೂರಿನ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು. 1984ರಲ್ಲಿ 'ಹಮ್ ಲೋಗ್' ಧಾರಾವಾಹಿ, ಪ್ರಾಯೋಜಕರ ಹಣದಿಂದ ಇಡೀ ದೇಶಕ್ಕೆ ಒಂದು ಕಥೆ ಹೇಳಬಹುದೆಂದು ತೋರಿಸಿತು. ಆ ಕಾಲದ ಜಾಹೀರಾತುಗಳು ಹೆಚ್ಚಾಗಿ ವಸ್ತುವಿನ ಗುಣವನ್ನೇ ಹೇಳುತ್ತಿದ್ದವು: ಬಟ್ಟೆ ಬೆಳ್ಳಗಾಗುತ್ತದೆ, ಒಂದು ಪೊಟ್ಟಣದಲ್ಲಿ ಇಷ್ಟು ಲೋಟ ಶರಬತ್ತು ಆಗುತ್ತದೆ. ಇನ್ನೊಂದು ಮುಖ್ಯ ಸಂಗತಿಯೆಂದರೆ, ರಾತ್ರಿ ಒಂದು ಹೊತ್ತಿಗೆ ಟಿವಿಯೂ ಮಲಗುತ್ತಿತ್ತು. ಪ್ರಸಾರ ಮುಗಿದ ಮೇಲೆ ಪರದೆಯ ಮೇಲೆ ಬರೀ ಚುಕ್ಕಿಗಳ ಮಳೆ. ಎಚ್ಚರವಾಗಿದ್ದವರಿಗೆ ಅದು ಯಾವ ಜೊತೆಯನ್ನೂ ಕೊಡುತ್ತಿರಲಿಲ್ಲ.

ವಸ್ತುವಿನಿಂದ ಸಂಬಂಧದ ಕಡೆಗೆ ಜಾಹೀರಾತು ತಿರುಗಿದ್ದನ್ನು ನೋಡಲು ನಾವು ದೂರ ಹೋಗಬೇಕಿಲ್ಲ. ಬೆಂಗಳೂರಿನಲ್ಲಿ 1961ರಿಂದ ಎಚ್‌ಎಂಟಿ ಕೈಗಡಿಯಾರ ತಯಾರಾಗುತ್ತಿತ್ತು. ಅದು ದೇಶಕ್ಕೇ ಸಮಯ ಹೇಳುವ ಗಡಿಯಾರವೆಂದು ಹೆಸರು ಮಾಡಿತ್ತು. ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ಹಾಕಿದ ಟೈಟಾನ್ 1987ರಲ್ಲಿ ಮಾರುಕಟ್ಟೆಗೆ ಬಂದಾಗ ಬೇರೊಂದು ಮಾತು ಹೇಳಿತು: ಗಡಿಯಾರ ಸಮಯ ನೋಡುವುದಕ್ಕಷ್ಟೇ ಅಲ್ಲ, ಕೊಡುವುದಕ್ಕೂ ಇದೆ. ಹಿನ್ನೆಲೆಯಲ್ಲಿ ಮೊಜಾರ್ಟ್ ಹದಿನೇಳನೆಯ ವಯಸ್ಸಿನಲ್ಲಿ ರಚಿಸಿದ 25ನೇ ಸಿಂಫನಿಯ ತುಣುಕು. ಅದನ್ನು ಮೊಜಾರ್ಟನದೆಂದು ತಿಳಿಯದೆ 'ಟೈಟಾನ್ ಟ್ಯೂನ್' ಎಂದೇ ಗುನುಗಿದವರು ನಮ್ಮಲ್ಲಿ ಎಷ್ಟಿಲ್ಲ! ಮುಂದೆ ಚಾಕೊಲೇಟ್ ಇದೇ ದಾರಿ ಹಿಡಿಯಿತು. ಮಕ್ಕಳ ತಿನಿಸಾಗಿದ್ದ ಕ್ಯಾಡ್ಬರಿ 2004ರ ಹೊತ್ತಿಗೆ ಅಮಿತಾಭ್ ಬಚ್ಚನ್ ಬಾಯಲ್ಲಿ, ಸಂತೋಷವಾದಾಗಲೆಲ್ಲ ಬಾಯಿ ಸಿಹಿ ಮಾಡಿಕೊಳ್ಳುವ ಮಿಠಾಯಿಯ ಜಾಗಕ್ಕೆ ಬಂದು ಕೂತಿತು.

ಇದೆಲ್ಲ ಹಬ್ಬದ ಹೊತ್ತಿಗೇ ಯಾಕೆ ಜೋರು? ಭಕ್ತಿಗಿಂತ ಲೆಕ್ಕ ಇಲ್ಲಿ ಹೆಚ್ಚು ಹೇಳುತ್ತದೆ. 1965ರ ಬೋನಸ್ ಪಾವತಿ ಕಾಯ್ದೆ ಕನಿಷ್ಠ ಬೋನಸ್ ನಿಗದಿಪಡಿಸಿತು. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಅದನ್ನು ಕೊಡಬೇಕೆಂದಿತು. ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ ಸಂಸ್ಥೆಗೆ ನವೆಂಬರ್ ಕೊನೆಯೇ ಗಡುವು. ಹೇಗೂ ಕೊಡಬೇಕು, ದೀಪಾವಳಿಗೇ ಕೊಟ್ಟರೆ ಹೆಸರೂ ಬರುತ್ತದೆ. ಅದೇ ಹೊತ್ತಿಗೆ ಮುಂಗಾರಿನ ಬೆಳೆಯೂ ಕೈಗೆ ಬರುತ್ತಿರುತ್ತದೆ. ಕಾರ್ಮಿಕನ ಜೇಬಿಗೂ ರೈತನ ಜೇಬಿಗೂ ವರ್ಷದಲ್ಲಿ ಒಮ್ಮೆ ಸ್ವಲ್ಪ ಹೆಚ್ಚು ಹಣ ಸೇರುವ ತಿಂಗಳಿನಲ್ಲಿ ಜಾಹೀರಾತಿನ ಅಮ್ಮ ಬಾಗಿಲು ತೆರೆಯುತ್ತಾಳೆ. ಇದು ಗೊತ್ತಾದ ಮೇಲೆ ನನ್ನ ಕಣ್ಣೀರು ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ನಾನು ಹುಟ್ಟುವ ಹೊತ್ತಿಗೆ ಉದಯ ಟಿವಿ ಬಂದು ಮೂರು ವರ್ಷವಾಗಿತ್ತು. ನಮ್ಮ ಮನೆಗೆ ಈ ಜಾಹೀರಾತುಗಳು ಬಂದದ್ದು ಕನ್ನಡದಲ್ಲಿ, ಅಂದರೆ ಡಬ್ಬಿಂಗ್ ಕನ್ನಡದಲ್ಲಿ. ಇಲ್ಲೊಂದು ವಿಚಿತ್ರವಿದೆ. ಕನ್ನಡ ಚಿತ್ರರಂಗ 1960ರ ದಶಕದಿಂದ ಡಬ್ಬಿಂಗನ್ನು ಗಟ್ಟಿಯಾಗಿ ವಿರೋಧಿಸಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯನ್ನು ತಪ್ಪೆಂದು ಹೇಳುವವರೆಗೂ ಬೇರೆ ಭಾಷೆಯ ಸಿನಿಮಾ, ಧಾರಾವಾಹಿಗಳಿಗೆ ಕನ್ನಡದ ದನಿ ಸಿಗುವುದು ಕಷ್ಟವಿತ್ತು. ಆದರೆ ಆ ಎಲ್ಲ ವರ್ಷಗಳಲ್ಲೂ ಅದೇ ಸಿನಿಮಾ, ಅದೇ ಧಾರಾವಾಹಿಗಳ ನಡುವೆ ಡಬ್ ಆದ ಜಾಹೀರಾತು ದಿನಾ ಬರುತ್ತಿತ್ತು. ತುಟಿ ಒಂದು ಹೇಳುತ್ತಿತ್ತು, ದನಿ ಇನ್ನೊಂದು. ಅದರ ಬಗ್ಗೆ ಬೀದಿಗಿಳಿದು ಜಗಳವಾದದ್ದನ್ನು ನಾನು ಕಂಡಿಲ್ಲ. ಮೂವತ್ತು ಸೆಕೆಂಡು ಚಿಕ್ಕದೆಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲವೇನೋ. ನನ್ನ ಪೀಳಿಗೆಯ ಕಣ್ಣಿನೊಳಗೆ ಹಬ್ಬದ ಚಿತ್ರ ಕೂತದ್ದು ಆ ಮೂವತ್ತು ಸೆಕೆಂಡುಗಳಲ್ಲಿ. ಮಾತು ನಮ್ಮದು, ಅಂಗಳ, ಬಾಗಿಲು, ಪೂಜೆಯ ತಟ್ಟೆ ಬೇರೆ ಊರಿನದು.

ಇದರ ಬಿಸಿ ನನಗೆ ತಟ್ಟಿದ್ದು ಒಂದು ಬೆಳಗಿನ ಜಾವ. ನಿದ್ದೆಯಿಲ್ಲದ ಆರನೇ ರಾತ್ರಿ ಇರಬೇಕು. ಊರು ನೆನಪಾಗುತ್ತಿದೆ, ಹಬ್ಬಕ್ಕೆ ಹೋದಾಗ ಅಮ್ಮ ಬಾಗಿಲಲ್ಲಿ ಅಪ್ಪಿಕೊಳ್ಳುತ್ತಿದ್ದದ್ದು ನೆನಪಾಗುತ್ತಿದೆ ಎಂದು ಡೈರಿಯಲ್ಲಿ ಬರೆದೆ. ಬರೆದು ಮುಗಿಸಿ ಓದಿದರೆ, ಅದು ಸುಳ್ಳು! ಸಾಗರದ ಕಡೆಯ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಬಾಗಿಲಲ್ಲಿ ಅಪ್ಪಿಕೊಂಡದ್ದಿಲ್ಲ. ಹಬ್ಬಕ್ಕೆ ಹೋದರೆ ಅಮ್ಮ ಹಿತ್ತಿಲಲ್ಲೋ ಕೊಟ್ಟಿಗೆಯಲ್ಲೋ ಇರುತ್ತಿದ್ದಳು. 'ಬಂದ್ಯಾ? ಕಾಲು ತೊಳ್ಕೋ' ಎನ್ನುತ್ತಿದ್ದಳು. ಅಷ್ಟೇ. ಹಾಗಾದರೆ ಇಷ್ಟು ರಾತ್ರಿ ನಾನು ಹಂಬಲಿಸಿದ್ದು ಯಾರ ಮನೆಗೆ? ದಾಖಲೆಗಳ ನಂಬಿಕಾರ್ಹತೆಯ ಬಗ್ಗೆ ಅಧ್ಯಾಯಗಟ್ಟಲೆ ಬರೆಯುವ ನನಗೆ ಸ್ವಂತ ನೆನಪಿನಲ್ಲಿ ಯಾವುದು ಮನೆಯದು, ಯಾವುದು ಪರದೆಯದು ಎಂಬುದೇ ಗೊತ್ತಿರಲಿಲ್ಲ.

ನಾಲ್ಕೂವರೆಗೆ ಅಮ್ಮನಿಗೆ ಫೋನ್ ಮಾಡಿದೆ. ಅವಳು ಎದ್ದೇ ಇದ್ದಳು. ನಿದ್ದೆ ಬರುತ್ತಿಲ್ಲ ಎಂದೆ. 'ನಮ್ಮನೆ ದೀಪಾವಳೀಲಿ ಯಾರು ಮಲಗ್ತಿದ್ರು?' ಎಂದಳು.

ಆ ಮಾತಿನಿಂದ ಪರದೆಯ ಹಿಂದಿದ್ದ ಹಬ್ಬ ಒಂದೊಂದಾಗಿ ಬಂತು. ನಮ್ಮಲ್ಲಿ ದೀಪಾವಳಿ ಶುರುವಾಗುವುದು ನೀರು ತುಂಬುವ ಸಂಜೆ. ಹಂಡೆ ತಿಕ್ಕಿ, ಬಳ್ಳಿ ಸುತ್ತಿ, ನೀರು ತುಂಬಿಸಿಟ್ಟರೆ ನರಕ ಚತುರ್ದಶಿಯ ದಿನ ನಕ್ಷತ್ರ ಇರುವಾಗಲೇ ಎಣ್ಣೆಸ್ನಾನ. ಮಕ್ಕಳಿಗೆ ನಿದ್ದೆ ಅರ್ಧವೇ. ಆಮೇಲೆ ಬಲಿಪಾಡ್ಯಮಿ, ಗೋಪೂಜೆ. ಆ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ಬರುತ್ತಿದ್ದರು. ಮಲೆನಾಡಿನ ಹೊರಗಿನವರಿಗೆ ಇದು ಹೊಸದಿರಬಹುದು. ಊರಿನ ಗಂಡಸರ ಒಂದು ಗುಂಪು ಹೊತ್ತಿಸಿದ ದೀಪವನ್ನು ಆರದಂತೆ ಹಿಡಿದು, ತೋಟ ಗದ್ದೆ ದಾಟಿ ಮನೆ ಮನೆಗೆ ಹಾಡುತ್ತಾ ಬರುತ್ತದೆ. ಒಬ್ಬಿಬ್ಬರು ಹೇಳುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಬಾಗಿಲು ತೆರೆಸುವುದಕ್ಕೆಂದೇ ಹಾಡಿದೆ. ಮನೆಯವರು ನಿದ್ದೆಯಿಂದೆದ್ದು ಬಾಗಿಲು ತೆರೆದು, ಆ ದೀಪಕ್ಕೆ ಎಣ್ಣೆ ಎರೆದು, ಅಕ್ಕಿಯೋ ಕಾಯಿಯೋ ಹಣವೋ ಕೊಟ್ಟು ಕಳಿಸುತ್ತಾರೆ. ಒಂದು ಮನೆ ಮುಗಿದ ಮೇಲೆ ಇನ್ನೊಂದು, ಕೋಳಿ ಕೂಗುವವರೆಗೂ.

ಜಾಹೀರಾತಿನಲ್ಲೂ ಬಾಗಿಲು ತೆರೆಯುತ್ತದೆ, ನಮ್ಮಲ್ಲೂ ತೆರೆಯುತ್ತಿತ್ತು. ಆದರೆ ಜಾಹೀರಾತಿನ ಬಾಗಿಲಲ್ಲಿ ನಿಂತಿರುವವರು ಮನೆಯ ಮಗ. ನಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದವರು ಊರಿನವರು. ಅಲ್ಲಿ ಬಂದವರು ಡಬ್ಬಿ ಕೊಡುತ್ತಾರೆ, ಇಲ್ಲಿ ಮನೆಯವರು ದೀಪಕ್ಕೆ ಎಣ್ಣೆ ಕೊಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಇಲ್ಲಿ ನಡುರಾತ್ರಿಯ ಎಚ್ಚರಕ್ಕೆ ಒಂದು ಕೆಲಸವಿತ್ತು. ಶಿವರಾತ್ರಿಯ ಜಾಗರಣೆ, ಬೆಳಗಿನವರೆಗಿನ ಯಕ್ಷಗಾನ ಇವೂ ಹಾಗೆಯೇ. ಎಚ್ಚರವಾಗಿರುವುದು ಆಗ ರೋಗವಾಗಿರಲಿಲ್ಲ, ಒಬ್ಬರೇ ಅನುಭವಿಸುವ ಸಂಗತಿಯೂ ಆಗಿರಲಿಲ್ಲ.

ನಿದ್ದೆಗೂ ಇತಿಹಾಸವಿದೆ ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಅಮೆರಿಕದ ಇತಿಹಾಸಕಾರ ರೋಜರ್ ಎಕರ್ಚ್ ಒಬ್ಬರು. 2001ರ ಲೇಖನದಲ್ಲೂ 2005ರ ಪುಸ್ತಕದಲ್ಲೂ ಅವರು ನ್ಯಾಯಾಲಯದ ಹೇಳಿಕೆ, ದಿನಚರಿ, ವೈದ್ಯಗ್ರಂಥಗಳನ್ನು ಜಾಲಾಡಿ, ಕೈಗಾರಿಕೀಕರಣಕ್ಕೆ ಮೊದಲಿನ ಪಶ್ಚಿಮ ಯುರೋಪಿನ ಜನ ಎರಡು ಕಂತಿನಲ್ಲಿ ಮಲಗುತ್ತಿದ್ದರು ಎಂದು ತೋರಿಸಿದರು. ನಡುವಿನ ಒಂದೆರಡು ಗಂಟೆ ಪ್ರಾರ್ಥನೆ, ಮಾತು, ಮನೆಗೆಲಸಕ್ಕೆ. ಇದನ್ನು ಓದಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಆದರೆ ಸಮಾಧಾನ ಕೊಡುವ ದಾಖಲೆಯನ್ನೇ ಹೆಚ್ಚು ಅನುಮಾನಿಸಬೇಕು. 2015ರಲ್ಲಿ ಜೆರೋಮ್ ಸೀಗೆಲ್ ಮತ್ತು ಸಂಗಡಿಗರು ತಾಂಜಾನಿಯಾ, ನಮೀಬಿಯಾ, ಬೊಲಿವಿಯಾಗಳಲ್ಲಿ ವಿದ್ಯುತ್ ಇಲ್ಲದೆ ಬದುಕುವ ಸಮುದಾಯಗಳ ನಿದ್ದೆಯನ್ನು ಅಳೆದರು. ಅವರು ಹೆಚ್ಚಾಗಿ ಒಂದೇ ಕಂತಿನಲ್ಲಿ, ಸರಾಸರಿ ಆರರಿಂದ ಏಳು ಗಂಟೆಯ ಆಸುಪಾಸು ಮಲಗುತ್ತಿದ್ದರು. ಹಾಗಾಗಿ ನನ್ನ ಎರಡೂವರೆಯ ಎಚ್ಚರ ಪೂರ್ವಜರ ಬಳುವಳಿ ಎಂದು ಬೀಗುವಂತಿಲ್ಲ. ಒಂದು ಮಾತನ್ನಷ್ಟೇ ಧೈರ್ಯದಿಂದ ಹೇಳಬಹುದು: ರಾತ್ರಿಯ ಎಚ್ಚರಕ್ಕೆ ಒಂದೊಂದು ಸಮಾಜ ಒಂದೊಂದು ಅರ್ಥ ಕೊಟ್ಟಿದೆ. ನಾವು ಅದನ್ನು ಒಬ್ಬೊಬ್ಬರ ಸೋಲು ಎಂದು ಓದಲು ಕಲಿತಿದ್ದೇವೆ.

ಅರ್ಥ ಬದಲಾದ ಮಾತ್ರಕ್ಕೆ ನಿದ್ದೆ ಬರುವುದಿಲ್ಲ. ವೈದ್ಯರ ಬಳಿಗೂ ಹೋದೆ. ಅವರು ಮೊದಲು ಮಾತ್ರೆ ಕೊಡದೆ ಕೆಲವು ನಿಯಮ ಕೊಟ್ಟರು. ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞ 1972ರಲ್ಲಿ ಮುಂದಿಟ್ಟ ವಿಧಾನ ಅದು: ನಿದ್ದೆ ಬಂದಾಗಷ್ಟೇ ಹಾಸಿಗೆಗೆ ಹೋಗು, ಬರದಿದ್ದರೆ ಹೊರಳಾಡದೆ ಎದ್ದು ಬೇರೆ ಕಡೆ ಕೂರು, ರಾತ್ರಿ ಹೇಗೇ ಕಳೆದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳು, ಹಾಸಿಗೆಯಲ್ಲಿ ಓದು, ಟಿವಿ ಬೇಡ. ಜೊತೆಗೆ ಗಡಿಯಾರ ನೋಡಬೇಡ, ಫೋನನ್ನು ಕೋಣೆಯ ಹೊರಗಿಡು ಎಂದರು. ಮೊದಲ ವಾರ ನರಕ. ಮೂರನೇ ವಾರದ ಹೊತ್ತಿಗೆ ಐದು ಗಂಟೆ ನಿದ್ದೆ ಒಟ್ಟಿಗೆ ಬಂತು. ಈಗಲೂ ವಾರಕ್ಕೊಂದು ರಾತ್ರಿ ಕೈಕೊಡುತ್ತದೆ. ಆಗ ಎದ್ದು, ಹಾಸ್ಟೆಲಿನ ಜಗಲಿಯಲ್ಲಿ ಕೂತು, ಅಂಟಿಗೆ ಪಂಟಿಗೆಯವರು ಈಗ ಯಾವ ಮನೆಯ ಮುಂದಿರಬಹುದು ಎಂದು ನೆನಪಿನಲ್ಲೇ ಊರು ಸುತ್ತುತ್ತೇನೆ. ನಮ್ಮ ಕೇರಿ ಮುಗಿಯುವಷ್ಟರಲ್ಲಿ ಆಕಳಿಕೆ ಬರುತ್ತದೆ.

ಜಾಹೀರಾತುಗಳನ್ನು ಬಿಟ್ಟೆನೇ ಎಂದರೆ, ಇಲ್ಲ. ಹಗಲಲ್ಲಿ ನೋಡುತ್ತೇನೆ. 2018ರಲ್ಲಿ ಬಂದ ಎಚ್‌ಪಿ ಕಂಪನಿಯದೊಂದಿದೆ: ಬೀದಿ ಬದಿಯಲ್ಲಿ ಹಣತೆ ಮಾರುವ ಮುದುಕಿಗೆ ಗಿರಾಕಿಗಳಿಲ್ಲ, ಒಬ್ಬ ಪುಟ್ಟ ಹುಡುಗ ಅವಳ ಬಗ್ಗೆ ಕಾಗದ ಮುದ್ರಿಸಿ ಊರಿಗೆ ಹಂಚುತ್ತಾನೆ. ಅದು ಪ್ರಿಂಟರ್ ಮಾರುವ ಉಪಾಯ ಎಂದು ಗೊತ್ತು. ಈಗಲೂ ಗಂಟಲು ಕಟ್ಟುತ್ತದೆ. ಮನೆಯವರಲ್ಲದವರಿಗೂ ಹಬ್ಬದಲ್ಲಿ ಪಾಲಿದೆ ಎಂಬ ಹಳೆಯ ಮಾತು ಅದರಲ್ಲಿ ಎಲ್ಲೋ ಉಳಿದಿದೆ ಅನ್ನಿಸುತ್ತದೆ.

ಹಬ್ಬಕ್ಕೆ ಕೊನೆಗೂ ಊರಿಗೆ ಹೋದೆ, ಅಧ್ಯಾಯ ಮುಗಿಸದೆಯೇ. ಅಮ್ಮ ಕೊಟ್ಟಿಗೆಯಲ್ಲಿದ್ದಳು. 'ಬಂದ್ಯಾ? ಕಾಲು ತೊಳ್ಕೋ' ಎಂದಳು.